ಗೆದ್ದವನಿಲ್ಲದ ಆಟಕ್ಕೆ ಒಂದು ಪಂದ್ಯ



ಬೇಸಿಗೆ ರಜೆ ಹತ್ತಿರವಾದರೆ ನಮ್ಮ ಯುವಕ ಸಂಘಗಳವರು ಸುಮ್ಮನೆ ಕೂರುವುದಿಲ್ಲ. ಒಂದೂರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟು, ಪಕ್ಕದೂರಲ್ಲಿ ಹೊನಲು ಬೆಳಕಿನ ಕಬಡ್ಡಿ. ಈಚೆಗೆ ಗ್ರಾಮೀಣ ಕ್ರೀಡೋತ್ಸವ ಎಂಬ ಹೆಸರಿನಲ್ಲಿ ಹಗ್ಗಜಗ್ಗಾಟ, ಲಗೋರಿ, ಕೆಸರುಗದ್ದೆ ಓಟ ಎಲ್ಲವೂ ನಡೆಯುತ್ತವೆ. ಕರಪತ್ರದ ಪಟ್ಟಿಯಲ್ಲಿ ಬುಗುರಿಯ ಹೆಸರೂ ಕಡೆಯಲ್ಲಿ ಅಚ್ಚಾಗಿರುತ್ತದೆ. ಆ ದಿನ ಹೋಗಿ ನೋಡಿದರೆ ಮುಖ್ಯ ಅತಿಥಿಗಳು ಒಂದು ಬುಗುರಿ ಬಿಡುತ್ತಾರೆ, ಅದು ತಿರುಗಿದರೂ ಚಪ್ಪಾಳೆ, ಉರುಳಿದರೂ ಚಪ್ಪಾಳೆ, ಫೋಟೋ ತೆಗೆಯುತ್ತಾರೆ, ಅಲ್ಲಿಗೆ ಬುಗುರಿ ಮುಗಿಯಿತು. ಕಬಡ್ಡಿಗೆ ರಾತ್ರಿ ಒಂದು ಗಂಟೆಯವರೆಗೆ ಜನ ಕೂತಿರುತ್ತಾರೆ. ಬುಗುರಿಗೆ ಒಂದು ಗಂಟೆ ಹೊತ್ತೂ ಸಿಗುವುದಿಲ್ಲ.

ಇದಕ್ಕೆ ಸಂಘದ ಹುಡುಗರ ಸೋಮಾರಿತನ ಕಾರಣವಲ್ಲ, ದುಡ್ಡಿನ ಅಡಚಣೆಯಂತೂ ಅಲ್ಲವೇ ಅಲ್ಲ. ಕಾರಣ ಆಟದ ಒಳಗೇ ಇದೆ. ನಮ್ಮ ಬೀದಿಯ ಬುಗುರಿ ಆಟದಲ್ಲಿ ಗೆದ್ದವನು ಅಂತ ಒಬ್ಬ ಇರುವುದಿಲ್ಲ. ಇರುವವನು ಸೋತವನು ಮಾತ್ರ. ಪಂದ್ಯ ನಡೆಸಬೇಕೆನ್ನುವವರು ಮೊದಲು ಬಿಚ್ಚಬೇಕಾದ ಗಂಟು ಇದೇ.

ಆಟವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮಣ್ಣಿನ ನೆಲದ ಮೇಲೆ ಬುಗುರಿಯ ಮೊಳೆಯಿಂದಲೇ ಒಂದು ವೃತ್ತ ಗೀಚುವುದು. ಸುತ್ತ ಐದಾರು ಹುಡುಗರು. ಚಾಟಿಯ ತುದಿಯನ್ನು ಎಂಜಲು ಮಾಡಿ ಮೊಳೆಯ ಬುಡಕ್ಕೆ ಒತ್ತಿ, ಅಲ್ಲಿಂದ ಮೇಲಕ್ಕೆ ಒಂದರ ಪಕ್ಕ ಒಂದು ಸುತ್ತು ಬಿಗಿಯಾಗಿ ಕೂರಿಸುತ್ತಾರೆ. ಚಾಟಿಯ ಇನ್ನೊಂದು ತುದಿಗೆ ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಲ್ಲಿ ಜಜ್ಜಿ ಚಪ್ಪಟೆ ಮಾಡಿ, ನಡುವೆ ತೂತು ಹೊಡೆದು, ಗಂಟು ಹಾಕಿರುತ್ತದೆ. ಎರಡು ಬೆರಳ ಸಂದಿನಲ್ಲಿ ಆ ಮುಚ್ಚಳ ಸಿಕ್ಕಿಸಿಕೊಂಡರೆ ಬುಗುರಿ ಹೋದರೂ ಚಾಟಿ ಕೈಬಿಟ್ಟು ಹೋಗುವುದಿಲ್ಲ. ‘ಒಂದು, ಎರಡು, ಮೂರು’ ಎಂದ ಕೂಡಲೇ ಎಲ್ಲ ಬುಗುರಿಗಳೂ ಒಟ್ಟಿಗೆ ನೆಲಕ್ಕೆ. ತಿರುಗುತ್ತಿರುವುದನ್ನು ಚಾಟಿಯಿಂದ ಮೇಲಕ್ಕೆ ಎಗರಿಸಿ ಕೈಯಲ್ಲಿ ಹಿಡಿಯಬೇಕು. ಎಲ್ಲರಿಗಿಂತ ತಡವಾಗಿ ಹಿಡಿದವನು, ಇಲ್ಲವೆ ಬುಗುರಿ ತಿರುಗದೆ ಉರುಳಿಹೋದವನು ಸಿಕ್ಕಿಬಿದ್ದ. ಅವನ ಬುಗುರಿ ವೃತ್ತದ ನಡುವೆ ಮಲಗಬೇಕು. ಉಳಿದವರು ಸರದಿಯ ಮೇಲೆ ಅದಕ್ಕೆ ಗುರಿಯಿಟ್ಟು ಬೀಸುತ್ತಾರೆ. ಮೊಳೆ ನೆಟ್ಟಗೆ ನಾಟಿದರೆ ಮರದಲ್ಲಿ ಕುಳಿ ಬೀಳುತ್ತದೆ. ಅದೇ ಗುನ್ನ. ಕೆಲವೊಮ್ಮೆ ಬುಗುರಿ ಎರಡು ಹೋಳಾಗಿ, ಮೊಳೆ ಒಂದು ಕಡೆ, ಮರ ಒಂದು ಕಡೆ.

ಈ ಆಟದಲ್ಲಿ ಗೆದ್ದವರು ಯಾರು? ಗುನ್ನ ಹೊಡೆದವರೇ? ಅವರು ನಾಲ್ಕೈದು ಮಂದಿ. ಮೊದಲು ಬುಗುರಿ ಎತ್ತಿದವನೇ? ಅವನ ಹೆಸರನ್ನು ಯಾರೂ ನೆನಪಿಟ್ಟಿರುವುದಿಲ್ಲ. ಎಲ್ಲರ ಕಣ್ಣೂ ವೃತ್ತದೊಳಗಿನ ಆ ಒಂದು ಬುಗುರಿಯ ಮೇಲೆ. ಅದು ಪೆಟ್ಟು ತಿಂದು ಗೆರೆ ದಾಟಿದರೆ ಮತ್ತೆ ಮೊದಲಿಂದ ಆಟ. ಹೀಗೆ ದೀಪ ಹಚ್ಚುವ ಹೊತ್ತಿನವರೆಗೂ ಎಳೆಯಬಹುದು. ಬೀದಿಗೆ ಇದು ಸರಿಯಾಗಿಯೇ ಇದೆ. ಆದರೆ ಪಂದ್ಯ ಅಂದಮೇಲೆ ಸಂಜೆ ಐದು ಗಂಟೆಗೆ ಮೈಕಿನಲ್ಲಿ ಒಂದು ಹೆಸರು ಕೂಗಬೇಕು. ಸೋತವನ ಹೆಸರು ಕೂಗಿ ಕಳಿಸುವುದಕ್ಕಾಗುತ್ತದೆಯೆ?

ಬೇರೆ ನಾಡಿನವರು ಈ ಗಂಟನ್ನು ಹೇಗೆ ಬಿಚ್ಚಿದ್ದಾರೆ ನೋಡಿ. ಮಲೇಷ್ಯಾದ ಉತ್ತರ ಭಾಗದ ಕೆಲಂತಾನ್ ರಾಜ್ಯದಲ್ಲಿ ಬುಗುರಿ ದೊಡ್ಡವರ ಆಟ. ಅಲ್ಲಿ ಅದರ ಹೆಸರು ಗಾಸಿಂಗ್. ತಟ್ಟೆಯಂತೆ ಅಗಲವಾದ, ಅಂಚಿಗೆ ಲೋಹ ಕೂರಿಸಿದ, 5 ಕಿಲೋ ತೂಗುವ ಬುಗುರಿಗಳೂ ಉಂಟು. ಅವರು ಆಟವನ್ನು ಎರಡಾಗಿ ಸೀಳಿಬಿಟ್ಟಿದ್ದಾರೆ. ಒಂದು ಹೊಡೆಯುವ ಆಟ, ಅದು ಗಾಸಿಂಗ್ ಪಂಗ್ಕಾ: ತಿರುಗುತ್ತಿರುವ ಎದುರಾಳಿಯ ಬುಗುರಿಗೆ ಗುರಿಯಿಟ್ಟು ನಮ್ಮದನ್ನು ಬೀಸುವುದು. ಇನ್ನೊಂದು ನಿಲ್ಲುವ ಆಟ, ಗಾಸಿಂಗ್ ಉರಿ: ಬುಗುರಿ ಬಿಟ್ಟು, ಅದನ್ನು ಮರದ ಹಲಗೆಯಿಂದ ನೆಲದಿಂದೆತ್ತಿ, ಲೋಹದ ತಲೆಯಿರುವ ಒಂದು ಗೂಟದ ಮೇಲೆ ಇಟ್ಟು ಕಾಯುವುದು. ನುರಿತವರ ಬುಗುರಿ ಆ ಗೂಟದ ಮೇಲೆ ಎರಡು ಗಂಟೆಯಷ್ಟು ಹೊತ್ತು ತಿರುಗುತ್ತದೆ. ಕೊನೆಗೆ ನಿಂತದ್ದು ಯಾರದೋ ಅವರು ಗೆದ್ದರು. ಆ ದೇಶ 1989ರಲ್ಲಿ ಹೊರಡಿಸಿದ 5 ಸೆನ್ ನಾಣ್ಯದ ಮೇಲೆ ಇದೇ ಬುಗುರಿಯ ಚಿತ್ರ ಹಾಕಿತು. ನಮ್ಮಲ್ಲಿ ಬುಗುರಿ ಕೈಯಲ್ಲಿದ್ದರೆ ಓದು ಕೆಟ್ಟಿತು ಎನ್ನುತ್ತಿದ್ದರು, ಅವರು ದುಡ್ಡಿನ ಮೇಲೇ ಅಚ್ಚು ಹಾಕಿದರು.

ಜಪಾನಿನವರದು ಇನ್ನೊಂದು ದಾರಿ. ಅಲ್ಲಿ ಬೇಗೋಮ ಎಂಬ ಪುಟ್ಟ ಎರಕದ ಕಬ್ಬಿಣದ ಬುಗುರಿ ಇದೆ. ಮೊದಲು ಅದನ್ನು ಕಡಲ ಬಸವನಹುಳುವಿನ ಚಿಪ್ಪಿನಿಂದ ಮಾಡುತ್ತಿದ್ದರು. ಟೋಕಿಯೋದ ಪಕ್ಕದ ಕವಾಗುಚಿ ಎರಕದ ಕಾರ್ಖಾನೆಗಳಿಗೆ ಹೆಸರಾದ ಊರು, ಅಲ್ಲಿ ಅದನ್ನು ಈಗಲೂ ಎರಕ ಹೊಯ್ಯುತ್ತಾರೆ. ಬಕೆಟ್ಟಿನ ಬಾಯಿಗೆ ದಪ್ಪ ಬಟ್ಟೆ ಹೊದಿಸಿ, ನಡುವೆ ಸ್ವಲ್ಪ ತಗ್ಗು ಬರುವಂತೆ ಬಿಗಿದು ಕಟ್ಟಿ, ಅದರ ಮೇಲೆ ಇಬ್ಬರೂ ಒಟ್ಟಿಗೆ ಬುಗುರಿ ಬಿಡುತ್ತಾರೆ. ತಗ್ಗಿನಿಂದಾಗಿ ಎರಡೂ ನಡುವಿಗೆ ಜಾರಿ ಡಿಕ್ಕಿ ಹೊಡೆಯಲೇಬೇಕು. ಹೊರಕ್ಕೆ ಹಾರಿದ್ದು ಸೋತಿತು, ಒಳಗೆ ಉಳಿದದ್ದು ಗೆದ್ದಿತು. ತೀರ್ಪಿಗೆ ಜಗಳವೇ ಇಲ್ಲ. ಅಲ್ಲಿನ ಹುಡುಗರೂ ಕಳ್ಳರೇ: ಕಬ್ಬಿಣದ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ ಮೂಲೆ ಏಳಿಸುತ್ತಾರೆ, ಎದುರಾಳಿಗೆ ತಗುಲಿದರೆ ಎಗರಿಬೀಳಲಿ ಅಂತ. ನಮ್ಮ ಹುಡುಗರು ಮೊಳೆಯನ್ನು ಸೇತುವೆಯ ಕಲ್ಲಿಗೆ ಮಸೆಯುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಹಾಗಾದರೆ ನಾವು ಏನು ಮಾಡಬೇಕು? ಬೀದಿಯ ಆಟವನ್ನು ಕೈಬಿಡುವುದು ಬೇಡ, ಅದರ ಮೂರು ವಿದ್ಯೆಗಳನ್ನು ಬಿಡಿಸಿಕೊಂಡು ಒಂದೊಂದಕ್ಕೂ ಅಂಕ ಕೊಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ನಿಲ್ಲಿಸುವುದು, ಎತ್ತುವುದು, ಹೊಡೆಯುವುದು. ಒಂದು ಆಟಕ್ಕೆ ಇಬ್ಬರು. ಮೊದಲು ಇಬ್ಬರೂ ಒಟ್ಟಿಗೆ ವೃತ್ತದೊಳಗೆ ಬುಗುರಿ ಬಿಡಲಿ. ಕೊನೆಗೆ ನಿಂತದ್ದಕ್ಕೆ ಒಂದು ಅಂಕ. ಆಮೇಲೆ ಬುಗುರಿ ಬಿಟ್ಟು ಚಾಟಿಯಿಂದ ಎತ್ತಿ ಅಂಗೈ ಮೇಲೆ ಮೂರು ಎಣಿಸುವವರೆಗೆ ತಿರುಗಿಸಿದವನಿಗೆ ಎರಡು. ಕೊನೆಗೆ ವೃತ್ತದ ನಡುವೆ ಇಟ್ಟ ಬುಗುರಿಯನ್ನು ಹೊಡೆದು ಗೆರೆಯಾಚೆ ದಾಟಿಸಿದರೆ ಮೂರು, ಆದರೆ ಹೊಡೆದ ಮೇಲೂ ನಮ್ಮ ಬುಗುರಿ ತಿರುಗುತ್ತಿರಬೇಕು. ಸುಮ್ಮನೆ ಕಲ್ಲು ಎಸೆದಂತೆ ಎಸೆದು ದಾಟಿಸಿದರೆ ಸೊನ್ನೆ. ಈ ಕೊನೆಯ ಷರತ್ತನ್ನು ಮಾತ್ರ ಯಾರು ಎಷ್ಟು ಬೇಡಿಕೊಂಡರೂ ಸಡಿಲಿಸಬೇಡಿ. ಅದು ಹೋದರೆ ತೋಳಿನ ಬಲವಿದ್ದ ದೊಡ್ಡ ಹುಡುಗ ಗೆಲ್ಲುತ್ತಾನೆ, ಬುಗುರಿ ಬಲ್ಲ ಚಿಕ್ಕ ಹುಡುಗ ಸೋಲುತ್ತಾನೆ.

ಇನ್ನು ನಾಕೌಟ್ ಬೇಡ. ಕ್ರಿಕೆಟ್ಟಿನಿಂದ ಕಲಿತ ಈ ಚಟ ಬುಗುರಿಗೆ ಹೊಂದುವುದಿಲ್ಲ. 32 ಮಕ್ಕಳು ಹೆಸರು ಕೊಟ್ಟರು ಎಂದುಕೊಳ್ಳಿ. ನಾಕೌಟ್ ಇಟ್ಟರೆ ಮೊದಲ ಸುತ್ತಿನಲ್ಲೇ 16 ಮಕ್ಕಳು ಮನೆಗೆ. ತಿಂಗಳಿಡೀ ಅಂಗಳದಲ್ಲಿ ಅಭ್ಯಾಸ ಮಾಡಿದ ಹುಡುಗಿಯ ಚಾಟಿ ಒಂದು ಸಲ ಜಾರಿದರೆ ಅವಳ ಪಂದ್ಯ ಮುಗಿಯಿತು, ಮಧ್ಯಾಹ್ನದ ಚಿತ್ರಾನ್ನಕ್ಕೂ ಕಾಯದೆ ಹೊರಟುಬಿಡುತ್ತಾಳೆ. ಅದರ ಬದಲು ನಾಲ್ಕು ನಾಲ್ಕು ಮಂದಿಯ ಎಂಟು ಗುಂಪು ಮಾಡಿ. ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಲಿ. ಗುಂಪಿಗೆ ಆರು ಆಟದಂತೆ 48 ಆಟ. ಗುಂಪಿನ ಮೊದಲಿಗರು ಎಂಟು ಮಂದಿ ಉಳಿದ ಮೇಲೆ ಬೇಕಾದರೆ ನಾಕೌಟ್, ಅದು ಏಳು ಆಟ. ಒಟ್ಟು 55. ಕೈಯಿಂದ ಬಿಟ್ಟ ಮರದ ಬುಗುರಿ ನೆಲದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಒಂದೊಂದು ಆಟಕ್ಕೆ ಐದು ನಿಮಿಷ ಧಾರಾಳ. ಎರಡು ವೃತ್ತ ಬರೆದುಕೊಂಡರೆ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಬಹುದು. ಯಾವ ಮಗುವೂ ಮೂರು ಆಟ ಆಡದೆ ಮನೆಗೆ ಹೋಗುವುದಿಲ್ಲ.

ತೀರ್ಪುಗಾರರ ಕಷ್ಟದ ಬಗ್ಗೆ ಎರಡು ಮಾತು. ಚೆನ್ನಾಗಿ ಬಿಟ್ಟ ಬುಗುರಿ ಸ್ವಲ್ಪ ಹೊತ್ತಿನಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ನಿದ್ದೆ ಹೋಯಿತು ಎನ್ನುತ್ತೇವೆ. ಆಮೇಲೆ ನೆಲದ ಮತ್ತು ಗಾಳಿಯ ಘರ್ಷಣೆಯಿಂದ ವೇಗ ಇಳಿದಂತೆ ತಲೆ ತೂಗಲು ಶುರು. ತೂಗುವ ಸುತ್ತು ಅಗಲವಾಗುತ್ತ ಹೋಗಿ ಹೊಟ್ಟೆ ನೆಲಕ್ಕೆ ತಾಕಿ ಉರುಳುತ್ತದೆ. ಸ್ವಂತ ಅಕ್ಷದ ಮೇಲೆ ತಿರುಗುವ ವೇಗ ಕಡಿಮೆಯಾದಷ್ಟೂ ತಲೆ ತೂಗುವ ವೇಗ ಹೆಚ್ಚಾಗುತ್ತದೆ, ಅದಕ್ಕೇ ಸಾಯುವ ಬುಗುರಿ ಅಷ್ಟು ಗಾಬರಿಯಾಗಿ ಕಾಣುವುದು. ಈ ತೂಗಾಟವನ್ನು ಲೆಕ್ಕಕ್ಕೆ ಹಿಡಿಯುವುದು ಎಷ್ಟು ಕಷ್ಟವೆಂದರೆ, ಗಣಿತಜ್ಞೆ ಸೋಫಿಯಾ ಕೊವಲೆವ್‌ಸ್ಕಾಯಾ ಒಂದು ಬಗೆಯ ಬುಗುರಿಯ ಚಲನೆಯನ್ನು ಬಿಡಿಸಿದ್ದಕ್ಕೆ 1888ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಬಹುಮಾನ ಕೊಟ್ಟಿತು. ನಮ್ಮ ತೀರ್ಪುಗಾರರಿಗೆ ಅಷ್ಟು ಗಣಿತ ಬೇಡ. ‘ಬುಗುರಿಯ ಹೊಟ್ಟೆ ನೆಲ ಮುಟ್ಟಿದರೆ ಸತ್ತಿತು’ ಎಂದು ಒಂದು ಸಾಲು ಬರೆದುಕೊಂಡರೆ ಸಾಕು. ‘ಇನ್ನೂ ಉರುಳ್ತಾ ಇತ್ತು ಅಂಕಲ್’ ಎನ್ನುವ ವಾದಕ್ಕೆ ಬಾಗಿಲು ಮುಚ್ಚುತ್ತದೆ.

ಕೂರಿಸುವ ತೀರ್ಪುಗಾರರು ಊರ ಪ್ರಮುಖರೇ ಆಗಬೇಕಿಲ್ಲ. ಬುಗುರಿ ಆಡಿ ಬೆಳೆದವರಾಗಬೇಕು, ಕಣ್ಣು ಚುರುಕಾಗಿರಬೇಕು, ಸ್ವಂತ ಮೊಮ್ಮಗ ಆಡುತ್ತಿದ್ದರೆ ಆ ಆಟದ ಮಟ್ಟಿಗೆ ಎದ್ದು ಹೋಗುವಂಥವರಾಗಬೇಕು. ಪ್ರತಿ ಕೇರಿಗೂ ಅದರದೇ ಕಾನೂನು. ಒಂದು ಕಡೆ ಗೆರೆ ಮೇಲೆ ನಿಂತರೆ ಒಳಗೆ, ಇನ್ನೊಂದು ಕಡೆ ಹೊರಗೆ. ಒಂದು ಕಡೆ ಬಲಗೈಯಲ್ಲೇ ಬಿಡಬೇಕು, ಇನ್ನೊಂದು ಕಡೆ ಕೇಳುವವರೇ ಇಲ್ಲ. ಇವನ್ನೆಲ್ಲ ಪಂದ್ಯಕ್ಕೆ ಒಂದು ವಾರ ಮೊದಲೇ ಬೇರೆ ಬೇರೆ ಕೇರಿಯ ಹುಡುಗರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಜಗಳವಾಗುವುದಾದರೆ ಅಂದೇ ಆಗಿ ಮುಗಿಯಲಿ. ಪಂದ್ಯದ ದಿನದ ಜಗಳಕ್ಕಿಂತ ಅದು ಸಾವಿರ ಪಾಲು ಮೇಲು.

ಈಗ ಬುಗುರಿಯ ವಿಚಾರ. ಬುಗುರಿ ಎಂದೊಡನೆ ಚನ್ನಪಟ್ಟಣ ನೆನಪಾಗುತ್ತದೆ. ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿ ಲೇತಿಗೆ ಕೊಟ್ಟ ಆಲೆ ಮರದ ತುಂಡಿಗೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ನೋಡಲು ಅದಕ್ಕಿಂತ ಚಂದದ ಬುಗುರಿ ಇಲ್ಲ. ಆದರೆ ಆಲೆ ಮೆದು ಮರ, ಹಗುರ. ಕಡೆಯುವುದಕ್ಕೆ ಎಷ್ಟು ಒಳ್ಳೆಯದೋ ಗುನ್ನ ತಡೆಯುವುದಕ್ಕೆ ಅಷ್ಟೇ ಕೆಟ್ಟದ್ದು. ಹೊಡೆದಾಟಕ್ಕೆ ಜಾಲಿ, ಹುಣಸೆ, ಸೀಬೆಯಂಥ ಗಟ್ಟಿ ಮರವೇ ಆಗಬೇಕು. ಬಣ್ಣದ ಬುಗುರಿ ಬಹುಮಾನಕ್ಕಿರಲಿ, ಬಣ್ಣವಿಲ್ಲದ್ದು ಕಣಕ್ಕಿರಲಿ.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ಮಕ್ಕಳು ಅವರವರ ಬುಗುರಿ ತರಬೇಕೋ, ಸಂಘದವರೇ ಕೊಡಬೇಕೋ? ಬಿಡುವ ಬುಗುರಿ ಅವರದೇ ಆಗಲಿ. ಕೈಗೆ ಒಗ್ಗಿದ ತೂಕ, ಒಗ್ಗಿದ ಚಾಟಿ ಇಲ್ಲದೆ ಯಾರೂ ಆಡಲಾರರು. ಗುನ್ನ ತಿನ್ನುವ ಬುಗುರಿ ಮಾತ್ರ ಸಂಘದ್ದಾಗಲಿ. ಗುನ್ನವನ್ನೇ ಕಿತ್ತುಹಾಕಿ ಎನ್ನುವ ಸಜ್ಜನರೂ ಇದ್ದಾರೆ. ಹಿಂಸೆ, ಮಕ್ಕಳ ಮನಸ್ಸು, ಇತ್ಯಾದಿ. ನಾನು ಒಪ್ಪುವುದಿಲ್ಲ. ಗುನ್ನ ತೆಗೆದರೆ ಹುಡುಗರು ಒಂದು ವರ್ಷ ಬಂದಾರು, ಮರುವರ್ಷ ಬರುವುದಿಲ್ಲ. ಆದರೆ ಅಪ್ಪ ಸಂತೆಯಿಂದ ತಂದುಕೊಟ್ಟ ಬುಗುರಿಯನ್ನು ನೂರು ಜನರ ಮುಂದೆ ಸೀಳಿಸುವುದು ಬೀದಿಗಿರಲಿ, ಪಂದ್ಯಕ್ಕೆ ಬೇಡ. ಹತ್ತು ಒರಟು ಬುಗುರಿ ಕಡೆಸಿಟ್ಟುಕೊಂಡರೆ ಇಡೀ ದಿನಕ್ಕೆ ಸಾಕು. ಅವು ಸೀಳಿದಷ್ಟೂ ಜನಕ್ಕೆ ಖುಷಿ.

ಮೊಳೆಯನ್ನು ಪಂದ್ಯಕ್ಕೆ ಮೊದಲೇ ಪರೀಕ್ಷಿಸಿ. ಮಸೆದು ಸೂಜಿ ಮಾಡಿದ್ದು ಬೇಡ. ಬೆರಳ ತುದಿಗೆ ಒತ್ತಿದರೆ ಚುಚ್ಚಬಾರದು. ಮರದಿಂದ ಅರ್ಧ ಅಂಗುಲಕ್ಕಿಂತ ಹೆಚ್ಚು ಹೊರಗೆ ಚಾಚಿರಬಾರದು. ಮೊಳೆ ಮರದಲ್ಲಿ ಅಲ್ಲಾಡುತ್ತಿದ್ದರೆ ಆ ಬುಗುರಿಯನ್ನು ಬದಿಗಿಡಿ, ಏಕೆಂದರೆ ಬೀಸಿದಾಗ ಮೊಳೆ ಒಂದು ದಿಕ್ಕಿಗೆ ಹಾರಿದರೆ ಯಾರ ಕಣ್ಣಿಗೆ ಎಂದು ಹೇಳಲಾಗದು. ಆಡುವವರೆಲ್ಲ ಒಂದೇ ಕಡೆಯಿಂದ ಬೀಸಬೇಕು. ಎದುರು ದಿಕ್ಕಿನಲ್ಲಿ ಯಾರೂ ನಿಲ್ಲಕೂಡದು, ಜಿಲ್ಲಾಧಿಕಾರಿಗಳೇ ಬಂದರೂ ಸರಿ. ನೋಡುವವರಿಗೆ ಎರಡು ಪಕ್ಕದಲ್ಲಿ ಹಗ್ಗ ಕಟ್ಟಿ, ಹಗ್ಗ ವೃತ್ತದಿಂದ ಹತ್ತು ಹೆಜ್ಜೆಯಾದರೂ ದೂರವಿರಲಿ. ಬರಿಗಾಲಿನಲ್ಲಿ ಯಾರನ್ನೂ ಒಳಗೆ ಬಿಡಬೇಡಿ. ನೆಲ ಕೆಮ್ಮಣ್ಣಿನದಾಗಿರಲಿ, ಹಿಂದಿನ ಸಂಜೆ ನೀರು ಚಿಮುಕಿಸಿ ದಮ್ಮಸು ಮಾಡಿ. ಸಿಮೆಂಟಿನ ಅಂಗಳ ಬುಗುರಿಗೆ ಶತ್ರು: ಮೊಳೆ ಜಾರುತ್ತದೆ, ಬುಗುರಿ ಎಲ್ಲೆಂದರಲ್ಲಿ ಓಡುತ್ತದೆ, ಬಿದ್ದರೆ ಪುಟಿಯುತ್ತದೆ.

ಹುಡುಗಿಯರ ವಿಚಾರ. ಹಿಂದೆ ಹುಡುಗಿಯರ ಕೈಗೆ ಬುಗುರಿ ಕೊಡುತ್ತಿರಲಿಲ್ಲ, ಅಣ್ಣನ ಬುಗುರಿ ಕದ್ದು ಹಿತ್ತಲಲ್ಲಿ ಆಡಿದವರು ಎಷ್ಟೋ ಮಂದಿ. ಈಗ ಅವರಿಗೆ ಪ್ರತ್ಯೇಕ ವಿಭಾಗ ಇಡುವ ಔದಾರ್ಯ ತೋರಿಸುತ್ತಾರೆ. ಅದು ಬೇಕಿಲ್ಲ. ಬುಗುರಿಯಲ್ಲಿ ಬೇಕಾದದ್ದು ಮಣಿಕಟ್ಟಿನ ಸುಳುವು, ಹದವಾಗಿ ಚಾಟಿ ಎಳೆಯುವ ಕ್ಷಣ. ವಯಸ್ಸಿನ ಮೇಲೆ ಗುಂಪು ಮಾಡಿ, ಅಷ್ಟು ಸಾಕು.

ನಗರದ ಅಪಾರ್ಟ್‌ಮೆಂಟಿನ ಮಕ್ಕಳು ಬೇರೊಂದು ಬುಗುರಿ ತರುತ್ತಾರೆ. ಬೇಬ್ಲೇಡ್. ಪ್ಲಾಸ್ಟಿಕ್ಕು ಮತ್ತು ಲೋಹದ ಬಿಡಿಭಾಗ ಜೋಡಿಸಿ, ಹಲ್ಲಿನ ಪಟ್ಟಿ ಎಳೆದು ಬಿಡುವಂಥದ್ದು. ಹಿರಿಯರು ಮೂಗು ಮುರಿಯುತ್ತಾರೆ. ಮುರಿಯಬೇಕಾದ್ದಿಲ್ಲ. ಜಪಾನಿನ ತಕಾರಾ ಕಂಪನಿ 1999ರಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು ನಾನು ಆಗಲೇ ಹೇಳಿದ ಬೇಗೋಮದ ಮಾದರಿಯಲ್ಲೇ, ಹೆಸರೂ ಅಲ್ಲಿಂದಲೇ ಬಂದದ್ದು. ಬಕೆಟ್ಟಿನ ಬಟ್ಟೆ ಹೋಗಿ ಪ್ಲಾಸ್ಟಿಕ್ಕಿನ ಬೋಗುಣಿ ಬಂತು, ಅಷ್ಟೆ. ಅವರ ಅಂಕದ ಪದ್ಧತಿಯಿಂದ ನಾವು ಕಲಿಯುವುದೂ ಇದೆ. 2023ರಲ್ಲಿ ಬಂದ ಅದರ ಬೇಬ್ಲೇಡ್ ಎಕ್ಸ್ ಆವೃತ್ತಿಯಲ್ಲಿ ಎದುರಾಳಿಗಿಂತ ಹೆಚ್ಚು ಹೊತ್ತು ತಿರುಗಿದರೆ ಒಂದು ಅಂಕ, ಎದುರಾಳಿಯದನ್ನು ಕಣದಿಂದ ಆಚೆ ತಳ್ಳಿದರೆ ಇಲ್ಲವೆ ಬಿಡಿಬಿಡಿಯಾಗಿ ಒಡೆಸಿದರೆ ಎರಡು, ವಿಶೇಷ ಕಿಂಡಿಗೆ ಕೆಡವಿದರೆ ಮೂರು. ಮೊದಲು ನಾಲ್ಕು ಅಂಕ ಮುಟ್ಟಿದವರು ಗೆದ್ದರು. ಬರೀ ನಿಂತವನಿಗೆ ಕಡಿಮೆ, ಧೈರ್ಯ ಮಾಡಿ ಮುನ್ನುಗ್ಗಿದವನಿಗೆ ಹೆಚ್ಚು. ಮರದ ಬುಗುರಿಯ ಅಂಕವನ್ನೂ ಇದೇ ಧೋರಣೆಯಲ್ಲಿ ಇಡಬೇಕೆಂದು ನಾನು ಹೇಳಿದ್ದು. ಆ ಮಕ್ಕಳಿಗೂ ಒಂದು ಮೂಲೆಯಲ್ಲಿ ಮೇಜು ಹಾಕಿಕೊಡಿ. ಎರಡನ್ನೂ ಒಂದೇ ಕಣದಲ್ಲಿ ಬೆರೆಸಬೇಡಿ, ತೂಕಕ್ಕೆ ತೂಕ ಸೇರುವುದಿಲ್ಲ. ಆಡಿ ಬಿಡುವಾದ ಹೊತ್ತಿನಲ್ಲಿ ಮರದ ಬುಗುರಿಯವರು ಮೇಜಿನ ಕಡೆಗೂ ಮೇಜಿನವರು ಮಣ್ಣಿನ ಕಡೆಗೂ ತಾವಾಗಿಯೇ ಹೋಗಿ ನಿಲ್ಲುತ್ತಾರೆ, ಆ ಮೇಲೆ ಚಾಟಿ ಸುತ್ತುವುದು ಹೇಗೆ ಎಂದು ಕೇಳುತ್ತಾರೆ. ಅಲ್ಲಿ ದೊಡ್ಡವರ ಕೆಲಸವೇನೂ ಇಲ್ಲ.

ಖರ್ಚು ಎಷ್ಟು ಎಂದು ಕೇಳಬಹುದು. ಒರಟು ಬುಗುರಿ, ಸುಣ್ಣದ ಪುಡಿ, ಹಗ್ಗ, ಬ್ಯಾಂಡೇಜಿನ ಪೆಟ್ಟಿಗೆ, ಮಕ್ಕಳಿಗೆ ಮಜ್ಜಿಗೆ, ಚಿತ್ರಾನ್ನ. ಆಳೆತ್ತರದ ಟ್ರೋಫಿ ಬೇಡ. ಗೆದ್ದವರಿಗೆ ಚನ್ನಪಟ್ಟಣದ ಅರಗಿನ ಬುಗುರಿ ಕೊಡಿ, ಆಡಿದ ಎಲ್ಲರಿಗೂ ಒಂದೊಂದು ಹೊಸ ಚಾಟಿ ಕೊಡಿ. ವೇದಿಕೆಗೆ ಯಾರನ್ನಾದರೂ ಕರೆಯಲೇಬೇಕೆಂದಿದ್ದರೆ ಬುಗುರಿ ಕಡೆದುಕೊಟ್ಟ ಮರಗೆಲಸದವರನ್ನು ಕರೆದು ಕೂರಿಸಿ, ಮೊದಲ ಬುಗುರಿ ಅವರೇ ಬಿಡಲಿ.

ಕೊನೆಗೊಂದು ವಿನಂತಿ. ಹಸಿ ಮರದಲ್ಲಿ ಕಡೆದ ಬುಗುರಿ ಒಣಗುವಾಗ ಸೀಳು ಬಿಡುತ್ತದೆ, ಮೊಳೆ ಸಡಿಲವಾಗುತ್ತದೆ. ಏಪ್ರಿಲ್‌ನಲ್ಲಿ ಪಂದ್ಯ ಇಡುವವರು ಸಂಕ್ರಾಂತಿ ಮುಗಿದ ಕೂಡಲೇ ನಿಮ್ಮೂರಿನ ಬಡಗಿಯನ್ನೋ ಲೇತು ಇಟ್ಟುಕೊಂಡವರನ್ನೋ ಹೋಗಿ ಕಾಣಿ, ಒಣಗಿದ ಜಾಲಿಯ ತುಂಡು ಇದೆಯೇ ಎಂದು ಕೇಳಿ, ಮುಂಗಡ ಕೊಟ್ಟು ಬನ್ನಿ. ಕರಪತ್ರ ಆಮೇಲೆ ಅಚ್ಚು ಹಾಕಿಸಿದರಾಯಿತು.